ಸೊಳ್ಳೆ ಪರದೆ ಹಿಂದೆ ಮೂರೂವರೆ ಲಕ್ಷ: ಸ್ಪೀಕರ್ ಆರಿಸಿದ ನನ್ನ ಅನುಭವ

ಮೂರೂವರೆ ಲಕ್ಷದ ಟವರ್ ಸ್ಪೀಕರ್ (ನೆಲದ ಮೇಲೇ ನಿಲ್ಲುವ ಎತ್ತರದ ಜೋಡಿ) ತರೋಕೆ ಹೊರಟವನು ಅದರ ಮೂರನೇ ಒಂದು ಪಾಲಿಗೂ ಕಡಿಮೆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ವಾರ್ಫ್‌ಡೇಲ್ ಲಿಂಟನ್, ಅಂದರೆ ಸ್ಟ್ಯಾಂಡ್ ಮೇಲಿಡುವ ಸ್ಪೀಕರ್, ತಂದು ಕೂರಿಸಿದೆ ಅಂದರೆ ದಾವಣಗೆರೆಯ ನಮ್ಮ ಆಡಿಯೋ ಬಳಗದಲ್ಲಿ ಕೆಲವರು ಈಗಲೂ ನಂಬಲ್ಲ. ದುಡ್ಡು ಸಾಲಲಿಲ್ಲ, ಅದಕ್ಕೇ ಈ ಕತೆ ಕಟ್ಟಿದ್ದಾನೆ ಅಂತ ಹಿಂದಿನಿಂದ ಆಡಿಕೊಂಡವರೂ ಉಂಟು. ಅವರನ್ನೇ ಕರೆದು, ಯಾವ ಸ್ಪೀಕರ್ ಹಾಡ್ತಿದೆ ಅಂತ ಕಾಣದ ಹಾಗೆ ಪರದೆ ಮುಂದೆ ಕೂರಿಸಿದೆ. ಹೋಗುವಾಗ ಅವರಲ್ಲೇ ಒಂದಿಬ್ಬರು “ಇನ್ನೊಂದು ಜೊತೆ ಲಿಂಟನ್ ಎಲ್ಲಾದರೂ ಸಿಗುತ್ತೇನ್ರೀ?” ಅಂತ ಕೇಳಿದರು. ಹೇಗೆ ಮಾಡಿದೆ ಅಂತ ಬರೆಯೋಕೆ ಅಷ್ಟು ಧೈರ್ಯ ಸಾಕು.

ಶೋರೂಮಿನ ಕತೆ ನಿಮಗೆಲ್ಲ ಗೊತ್ತೇ ಇದೆ. ಬೆಂಗಳೂರಿಗೆ 260 ಕಿಲೋಮೀಟರ್ ಹೋಗಿ, ಕಾರ್ಪೆಟ್ ಹಾಸಿದ, ಗೋಡೆಗೆಲ್ಲ ಪ್ಯಾನೆಲ್ ಬಡಿದ ಕೋಣೆಯಲ್ಲಿ ಕೂತು, ಕಾಫಿ ಕುಡಿದು ಬರೋದು. ವಾಲ್ಯೂಮ್ ಮುಟ್ಟದೆ ಒಂದಾದ ಮೇಲೊಂದು ಹಾಕಿ ತೋರಿಸ್ತಾರೆ. ಒಂದೇ ವಾಲ್ಯೂಮಿನಲ್ಲಿ ಎಷ್ಟು ಜೋರು ಅನ್ನೋ ಲೆಕ್ಕದಲ್ಲಿ ಲಿಂಟನ್ 90 ಡಿಬಿ (ಡೆಸಿಬೆಲ್), ನಾನು ಕೇಳಿದ ಇನ್ನೊಂದು ಪುಟ್ಟ ಸ್ಪೀಕರ್ ಕೆಇಎಫ್ ಎಲ್ಎಸ್50 ಮೆಟಾ 85 ಡಿಬಿ. ಆ 5 ಡಿಬಿ ಸರಿದೂಗಿಸೋಕೆ ಆಂಪ್ (ಆಂಪ್ಲಿಫೈಯರ್) ಮೂರು ಪಟ್ಟು ಪವರ್ ಕೊಡಬೇಕು. ಒಂದೇ ನಾಬ್‌ನಲ್ಲಿ ಕೇಳಿಸಿದರೆ ಜೋರಾಗಿರೋದೇ ಗೆಲ್ಲುತ್ತೆ, ಅದರಲ್ಲಿ ಆಶ್ಚರ್ಯ ಏನಿದೆ? ಟವರ್ ಅಂತೂ ಅಲ್ಲಿ ದೇವಲೋಕದ ಹಾಗೆ ಕೇಳಿಸಿತು. (ಕಂಪನಿ ಹೆಸರು ಬೇಡ, ಆ ಡೀಲರ್ ಇನ್ನೂ ನನ್ನ ಫೋನ್ ಎತ್ತುತ್ತಾರೆ.) ನಮ್ಮ ಹಾಲ್ ಹದಿನಾರು ಬೈ ಹನ್ನೆರಡು ಅಡಿ, ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್, ಒಂದು ಮೂಲೆಯಲ್ಲಿ ಗಾಡ್ರೆಜ್ ಬೀರು. ಅಲ್ಲಿ ಕೇಳದೆ ದುಡ್ಡು ಬಿಚ್ಚಲ್ಲ ಅಂತ ಹಟ ಹಿಡಿದೆ.

ಸ್ಪೀಕರನ್ನು ಮನೆಗೆ ಕಳಿಸೋಕೆ ಡೀಲರ್ ಒಪ್ಪಿದ್ದು ಹೇಗೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಬರೆದರೆ ಎಲ್ಲರೂ ಅದನ್ನೇ ಮಾಡ್ತೀರಿ, ಆಮೇಲೆ ನನಗೂ ನಡೆಯಲ್ಲ. ಡೆಪಾಸಿಟ್ ಇಪ್ಪತ್ತೈದು ಸಾವಿರ ಇಟ್ಟೆ. ಟವರ್ ಬಂದದ್ದು ಪಾರ್ಸೆಲ್‌ನಲ್ಲಿ; ಡಬ್ಬದ ಮೇಲೆ ಬಾಣದ ಗುರುತು ಇದ್ದರೂ ತಲೆಕೆಳಗೆ ಇಳಿಸಿದರು, ಒಂದರ ಟ್ವೀಟರ್ (ತಾರ ಸ್ವರ ಹೊರಡಿಸುವ ಪುಟ್ಟ ಭಾಗ) ಡೋಮ್ ಒಳಗೆ ಹೋಗಿತ್ತು. ಇನ್ಶೂರೆನ್ಸ್ ಮಾಡಿಸಿದ್ದರೂ ಪಾರ್ಸೆಲ್‌ನವರು ಆಗ ಕೊಡ್ತೀವಿ ಈಗ ಕೊಡ್ತೀವಿ ಅಂತ ಸತಾಯಿಸಿ ಅರ್ಧ ಕೊಟ್ಟರು. ಹೊಸ ಟ್ವೀಟರ್‌ಗೆ ಹನ್ನೊಂದು ಹನ್ನೆರಡು ಸಾವಿರ ಹೋಯಿತು. ಆಮೇಲೆ ಏನಿದ್ದರೂ ಸ್ವಂತ ಕಾರಿನಲ್ಲೇ, ಹಿಂದಿನ ಸೀಟು ಮಡಚಿ, ಕಂಬಳಿ ಸುತ್ತಿ.

ಇನ್ನು ಹೋಲಿಕೆ. ಎರಡು ಸ್ಪೀಕರ್ ಅಕ್ಕಪಕ್ಕ ಇಟ್ಟರೆ ನೀವು ಹೋಲಿಸೋದು ಸ್ಪೀಕರನ್ನಲ್ಲ, ಎರಡು ಜಾಗಗಳನ್ನು. ಒಂದಡಿ ಸರಿದರೂ ಬಾಸ್ ಬೇರೆ. ಅಮೆರಿಕದ ಆಡಿಯೋ ಕಂಪನಿ ಹರ್ಮನ್‌ನವರ ಲ್ಯಾಬಿನಲ್ಲಿ ಸ್ಪೀಕರ್‌ಗಳನ್ನು ಕೆಲವೇ ಸೆಕೆಂಡಿನಲ್ಲಿ ಅದೇ ಜಾಗಕ್ಕೆ ತಳ್ಳುವ ಯಂತ್ರ ಇದೆ. ನನ್ನದು ನಾಲ್ಕಡಿ ಅಗಲದ ದುಂಡು ಪ್ಲೈವುಡ್ ಹಲಗೆ, ನಡುವೆ ಒಂದು ಪಿನ್, ಕೆಳಗೆ ಸುತ್ತಲೂ ಕ್ಯಾಸ್ಟರ್ ಚಕ್ರ. ನಿಟುವಳ್ಳಿಯ ಬಡಗಿಯೊಬ್ಬರು ಮೂರು ಸಾವಿರಕ್ಕೆ ಮಾಡಿಕೊಟ್ಟರು. “ಇದರ ಮ್ಯಾಲೆ ಗಣಪತಿ ಕೂರಿಸ್ತೀರೇನ್ ಸಾರ್?” ಅಂತ ಕೇಳಿದರು. ಒಂದಕ್ಕೊಂದು ಬೆನ್ನು ಹಾಕಿ ಎರಡು ಸ್ಪೀಕರ್ ನಿಲ್ಲಿಸಿ ತಿರುಗಿಸಿದರೆ ಮುಂದೆ ಬಂದದ್ದು ಹಾಡುತ್ತೆ. ಒಂದೊಂದೇ ಸ್ಪೀಕರ್, ಮೋನೋದಲ್ಲಿ. ಸ್ಟೀರಿಯೋ ಇಲ್ಲದೆ ಏನು ಗೊತ್ತಾಗುತ್ತೆ ಅನ್ನುವವರಿಗೆ: ಮೋನೋದಲ್ಲೇ ತಪ್ಪು ಬೇಗ ಸಿಕ್ಕಿಬೀಳೋದು. ಧ್ವನಿ ವಿಜ್ಞಾನಿ ಫ್ಲಾಯ್ಡ್ ಟೂಲ್ ಇದನ್ನು ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿದ್ದಾಗಲೇ ತೋರಿಸಿಕೊಟ್ಟಿದ್ದಾರೆ.

ಮೊದಲ ರಾತ್ರಿ ಚಕ್ರಗಳೇ ಹಾಡಿದವು. ಬಾಸ್ ಬಂದಾಗಲೆಲ್ಲ ಟೈಲ್ಸ್ ಮೇಲೆ ಗಿರ್ರ್ ಅನ್ನೋ ಸದ್ದು. ರಬ್ಬರ್ ಮ್ಯಾಟ್, ಥರ್ಮಾಕೋಲ್, ಹಳೇ ಸೈಕಲ್ ಟ್ಯೂಬ್ ಯಾವುದೂ ಕೇಳಲಿಲ್ಲ. ಕೊನೆಗೆ ಹತ್ತು ರೂಪಾಯಿಯ ಒಂದು ಸಾಮಾನಿನಿಂದ ನಿಂತಿತು. ಅದೇನು ಅಂತ ನನ್ನ ಹತ್ತಿರವೇ ಇರಲಿ.

ಪರದೆಯದ್ದು ದೊಡ್ಡ ತಲೆನೋವು. ಹತ್ತಿ ಬೆಡ್‌ಶೀಟ್ ಕಟ್ಟಿ ಯೂಮಿಕ್ ಅನ್ನೋ ಅಳತೆ ಮೈಕ್ ಇಟ್ಟು ಆರ್‌ಇಡಬ್ಲ್ಯೂ ಅನ್ನೋ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಅಳೆದರೆ 10 ಕಿಲೋಹರ್ಟ್ಸ್ ಮೇಲೆ ಎರಡು ಮೂರು ಡಿಬಿ ಮಾಯ. ಮನೆಯವಳ ಜಾರ್ಜೆಟ್ ಸೀರೆ ವಾಸಿ, ಆದರೆ ಒಳಗಿನ ಟವರ್ ಎತ್ತರ ನೆರಳಾಗಿ ಕಾಣುತ್ತಿತ್ತು. ಬಂದವರ ಕಿವಿ ಬಿಟ್ಟು ಕಣ್ಣು ಕೆಲಸ ಶುರು ಮಾಡಿತು. ಕಪ್ಪು ಸೊಳ್ಳೆ ಪರದೆ ಎರಡು ಪದರ ಹಾಕಿ, ಸ್ಪೀಕರ್ ಕಡೆ ದೀಪ ಆರಿಸಿ, ಕೇಳುವವರ ತಲೆ ಮೇಲೆ ಒಂದು ಬಲ್ಬ್ ಉರಿಸಿದರೆ ಹಿಂದಿನದು ಏನೂ ಕಾಣಲ್ಲ, ನಷ್ಟ ಅರ್ಧ ಡಿಬಿಯೂ ಇಲ್ಲ.

ಎರಡರ ಲೆವೆಲ್ ಸಮ ಮಾಡಿದ್ದು ಪಿಂಕ್ ನಾಯ್ಸ್‌ನಿಂದ (ಅಳತೆಗೆ ಬಳಸುವ ಜೋಗದಂಥ ಭೋರ್ ಸದ್ದು), ಮೈಕನ್ನು ಕುರ್ಚಿಯಲ್ಲಿ ಕಿವಿ ಇರೋ ಜಾಗಕ್ಕೇ ಇಟ್ಟು. 500 ಹರ್ಟ್ಸ್‌ನಿಂದ 2 ಕಿಲೋಹರ್ಟ್ಸ್‌ವರೆಗಿನ ಪಟ್ಟಿಯನ್ನು ಮಾತ್ರ ನೋಡಿದೆ, ಇಲ್ಲದಿದ್ದರೆ ಟವರಿನ ಬಾಸ್ ಲೆಕ್ಕ ಕೆಡಿಸುತ್ತೆ. ಕಾಲು ಡಿಬಿ ಒಳಗೆ ಬರೋವರೆಗೆ ಬಿಡಲಿಲ್ಲ. ತಿರುಗಿಸುವವನು ನನ್ನ ಮಗ. ನಾಣ್ಯ ಚಿಮ್ಮಿ ಅರ್ಧ ಸುತ್ತೋ ಪೂರ್ತಿ ಸುತ್ತೋ ಅಂತ ಅವನೇ ತೀರ್ಮಾನ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ತಿದ್ದ. ರಾತ್ರಿ ಹತ್ತರ ಮೇಲೆ, ಪಿ.ಬಿ. ರಸ್ತೆಯ ಲಾರಿ ಸದ್ದು ಇಳಿದ ನಂತರ. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆಫ್. ಕರೆಂಟ್ ಹೋದರೆ ಆಟ ಬಂದ್, ನಮ್ಮ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಆಂಪ್ ಗುಂಯ್ ಅನ್ನುತ್ತೆ. ಬಂದವರಿಗೆ ಮೊದಲ ದಿನ ನರ್ಗೀಸ್ ಮಂಡಕ್ಕಿ, ಮಿರ್ಚಿ ಕೊಟ್ಟಿದ್ದೆ. ಕುರುಕುರು ಸದ್ದಿನಲ್ಲಿ ತಬಲಾ ಕೇಳಿಸಲಿಲ್ಲ. ಆಮೇಲೆ ತಿಂಡಿ ಕೊನೆಗೆ.

ಫಲ? ಪರದೆ ತೆಗೆದು ಕೇಳಿಸಿದಾಗ ಎಲ್ಲರೂ ಟವರ್ ಕಡೆ. ಪರದೆ ಹಾಕಿದ ಮೇಲೆ ಹತ್ತರಲ್ಲಿ ಏಳೆಂಟು ಸಲ ಲಿಂಟನ್. ಕಣ್ಣಿಗೆ ಕಂಡರೆ ತೀರ್ಪು ಬದಲಾಗುತ್ತೆ ಅಂತ ಟೂಲ್ ಮತ್ತು ಅವರ ಜೊತೆಗಾರ ಶಾನ್ ಆಲಿವ್ 1994ರಲ್ಲೇ ಪ್ರಕಟಿಸಿದ್ದರು, ಆದರೆ ನಮ್ಮ ಹಾಲ್‌ನಲ್ಲಿ, ನಮ್ಮ ಭಾವನ ಬಾಯಿಂದಲೇ “ಇದು ಟವರೇ, ನೂರಕ್ಕೆ ನೂರು” ಅಂತ ಲಿಂಟನ್ ಕಡೆ ಕೈ ತೋರಿಸಿ ಹೇಳಿಸಿದ ಖುಷಿಯೇ ಬೇರೆ. ಗಂಗೂಬಾಯಿ ಹಾನಗಲ್ ಅವರ ಆ ತೂಕದ ದನಿ ಟವರಿನಲ್ಲಿ ಡಬ್ಬದೊಳಗಿಂದ ಬಂದಂತೆ ಊದಿಕೊಳ್ಳುತ್ತಿತ್ತು. ಕೆಇಎಫ್ ದನಿಯ ಮಟ್ಟಿಗೆ ಎಲ್ಲಕ್ಕಿಂತ ಸ್ವಚ್ಛ, ನನಗೆ ಈಗಲೂ ಆಸೆ ಇದೆ, ಆದರೆ ಐದೂಕಾಲು ಇಂಚಿನ ಕೋನ್‌ನಿಂದ ಪಖವಾಜ್ ನಿರೀಕ್ಷೆ ಮಾಡೋದು ಅನ್ಯಾಯ.

ಟವರ್ ಸೋತದ್ದಕ್ಕೆ ಟವರ್ ಪೂರ್ತಿ ಕಾರಣ ಅಲ್ಲ. ಹದಿನಾರಡಿ ಉದ್ದಕ್ಕೆ 35 ಹರ್ಟ್ಸ್, ಹನ್ನೆರಡಡಿ ಅಗಲಕ್ಕೆ 47 ಹರ್ಟ್ಸ್, ಎರಡೂ ನಮ್ಮ ಕೋಣೆಯ ಸ್ವಂತ ಸ್ವರಗಳು, ಗೋಡೆಗಳ ನಡುವೆ ತಾವೇ ಮೊಳಗುವಂಥವು. ಟವರ್ ಅಷ್ಟು ಆಳಕ್ಕೆ ಇಳಿಯುತ್ತೆ, ಕೋಣೆ ಅದನ್ನು ಹತ್ತು ಹನ್ನೆರಡು ಡಿಬಿ ಎತ್ತುತ್ತೆ. ಚೌಕಿಪೇಟೆಯ ಹಾಸಿಗೆ ಅಂಗಡಿಯಿಂದ ಹತ್ತಿ ಮೂಟೆ ಬಾಡಿಗೆಗೆ ತಂದು ಮೂಲೆಗಳಿಗೆ ಸೂರಿನವರೆಗೆ ಪೇರಿಸಿದೆ. 100 ಹರ್ಟ್ಸ್ ಮೇಲೆ ಚೆನ್ನಾಗಿ ಹಿಡಿಯಿತು, 35ರ ಗುಡ್ಡ ಮಾತ್ರ ಅಲ್ಲಾಡಲಿಲ್ಲ. ಮನೆ ತುಂಬ ಹತ್ತಿ ಧೂಳು, ಮಗಳಿಗೆ ಸೀನು. ಮೂಟೆ ವಾಪಸ್.

ಅದೇ ಹಲಗೆ ಇದ್ದಾಗ, ದುಬಾರಿ ಸ್ಪೀಕರ್ ಕೇಬಲ್ಲಿಗೆ ದನಿ ಬದಲಾಗುತ್ತಾ ಅನ್ನೋ ಜಗಳವನ್ನೂ ತೀರಿಸಿಕೊಂಡೆ. ಗೆಳೆಯರೊಬ್ಬರ ಹದಿನೆಂಟು ಸಾವಿರದ ಕೇಬಲ್ಲಿಗೆ ಎದುರಾಗಿ ಮನೆ ವೈರಿಂಗಿನ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್. ಐದು ಮೀಟರಿಗೆ ಹೋಗಿ ಬರೋ ದಾರಿ ಸೇರಿ 0.07 ಓಮ್ ಆಸುಪಾಸು. ಅವರ ಉತ್ತರಗಳು ನಾಣ್ಯ ಚಿಮ್ಮಿದಷ್ಟೇ ಸರಿ ಬಂದವು. ಅವರು ಈಗ ನನ್ನ ಜೊತೆ ಕೇಬಲ್ ಮಾತು ಬಿಟ್ಟು ಕ್ರಿಕೆಟ್ ಮಾತಾಡ್ತಾರೆ.

ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ ಆದದ್ದು. ವಾರ್ಫ್‌ಡೇಲ್ ಸ್ಥಾಪಿಸಿದ ಗಿಲ್ಬರ್ಟ್ ಬ್ರಿಗ್ಸ್ 1950ರ ದಶಕದಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಕಲಾವಿದರನ್ನೂ ಅವರದೇ ರೆಕಾರ್ಡಿಂಗನ್ನೂ ಒಂದಾದ ಮೇಲೊಂದು ಕೇಳಿಸುತ್ತಿದ್ದರು. ನಾನು ಹಾರ್ಮೋನಿಯಂ ನುಡಿಸುವ ಗೆಳೆಯನನ್ನು ಬೆಳಗಿನ ಜಾವ ತಾರಸಿಗೆ ಹತ್ತಿಸಿ, ಗೋಡೆ ಪ್ರತಿಧ್ವನಿ ಇಲ್ಲದೆ ಅವನ ಮಾತು ರೆಕಾರ್ಡ್ ಮಾಡಿಕೊಂಡೆ. ರಾತ್ರಿ ಅವನನ್ನೇ ಪರದೆ ಹಿಂದೆ ಸ್ಪೀಕರ್ ಪಕ್ಕ ನಿಲ್ಲಿಸಿ, ಒಂದು ಸಾಲು ಅವನು, ಒಂದು ಸಾಲು ಸ್ಪೀಕರ್. ಲಿಂಟನ್ ಸರದಿಯಲ್ಲಿ ಅವನ ಹೆಂಡತಿಯೇ ಒಂದೆರಡು ಸಲ ಮೋಸ ಹೋದರು. ಟವರ್ ಸರದಿಯಲ್ಲಿ “ಇವರಿಗೆ ನೆಗಡಿ ಆಗಿದೆ” ಅಂದರು.

ಖರ್ಚು: ಲಿಂಟನ್ ಸ್ಟ್ಯಾಂಡ್ ಸೇರಿ ತೊಂಬತ್ತು ಸಾವಿರದ ಆಸುಪಾಸು, ಹಲಗೆ, ಪರದೆ, ಪೆಟ್ರೋಲ್, ಟೋಲ್, ಟ್ವೀಟರ್ ದಂಡ ಎಲ್ಲ ಸೇರಿ ಇನ್ನೊಂದು ಮೂವತ್ತು ಸಾವಿರ. ಡೆಪಾಸಿಟ್ ಪೂರ್ತಿ ವಾಪಸ್ ಬಂತು. ಹಲಗೆ ಈಗ ಹರಿಹರದ ಗೆಳೆಯರ ಮನೆಯಲ್ಲಿದೆ, ಅವರು ಸಬ್‌ವೂಫರ್ ಜೊತೆ ಒದ್ದಾಡ್ತಿದ್ದಾರೆ. ಅವರದು ಮುಗಿದ ಮೇಲೆ ಬೇಕಾದವರು ಗೂಡ್ಸ್ ಆಟೋ ತಗೊಂಡು ಬನ್ನಿ, ಕಾರಿನಲ್ಲಿ ಹಿಡಿಸಲ್ಲ.