ಪರದೇಶದ ಬೀದಿ ತಿಂಡಿಗೆ ಗೈಡ್ ಯಾಕೆ ಬೇಕು: ನನ್ನ ಅನುಭವ

ಹೊರದೇಶಕ್ಕೆ ಹೊರಟಾಗ ವಿಮಾನದ ಟಿಕೆಟ್ ಮತ್ತು ರೂಮು ಆದ ಮೇಲೆ ನಾನು ಮೊದಲು ಬುಕ್ ಮಾಡುವುದು ಫುಡ್ ಟೂರ್. ಆ ಊರಿನವರೇ ಒಬ್ಬರು ಸಂಜೆ ಮೂರ್ನಾಲ್ಕು ಗಂಟೆ ನಮ್ಮನ್ನು ಗಲ್ಲಿಗಳಲ್ಲಿ ನಡೆಸಿಕೊಂಡು ಹೋಗಿ, ಐದಾರು ಕಡೆ ತಿನ್ನಿಸುತ್ತಾರೆ. ದಾವಣಗೆರೆಯಲ್ಲಿ ಇದನ್ನು ಹೇಳಿದರೆ ಎಲ್ಲರೂ ಕೇಳುವುದು ಒಂದೇ ಮಾತು: "ಅಲ್ರೀ, ಬೀದೀಲಿ ತಿನ್ನೋಕೆ ಯಾರಾದ್ರೂ ಗೈಡಿಗೆ ದುಡ್ಡು ಕೊಡ್ತಾರಾ?"

ಕೊಡಬೇಕು ಅಂತಲೇ ನಾನು ಹೇಳುತ್ತೇನೆ. ನಮ್ಮ ಊರನ್ನೇ ನೋಡಿ. ಹೊರಗಿನವರು ಬಂದರೆ ಫೋನಿನಲ್ಲಿ ಹುಡುಕಿ, ಹೆದ್ದಾರಿ ಪಕ್ಕದ ಯಾವುದೋ ಹೋಟೆಲಿನಲ್ಲಿ ಮಟಮಟ ಮಧ್ಯಾಹ್ನ ಬೆಣ್ಣೆ ದೋಸೆ ತಿಂದು ಹೊರಟುಬಿಡುತ್ತಾರೆ. ಸೌದೆ ಒಲೆ ಇರುವ ಅಂಗಡಿ ಹುಡುಕಿ ಬೆಳಗ್ಗೆಯೇ ಹೋಗಬೇಕು, ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬುವುದರಿಂದ ದೋಸೆಗೆ ಆ ಹದ ಬರುತ್ತದೆ, ಖಾರ ಮಂಡಕ್ಕಿ ಬೇರೆ ನರ್ಗಿಸ್ ಮಂಡಕ್ಕಿ ಬೇರೆ, ಸಂಜೆ ಮಿರ್ಚಿ ಬಾಣಲೆಯಿಂದ ಏಳುವ ಹೊತ್ತಿಗೆ ಅಲ್ಲಿರಬೇಕು. ಇದನ್ನೆಲ್ಲ ಅವರಿಗೆ ಯಾರು ಹೇಳುತ್ತಾರೆ? ನೆಂಟರು ಬಂದರೆ ನಾವೇ ಕರೆದುಕೊಂಡು ಹೋಗುತ್ತೇವೆ. ವಿಯೆಟ್ನಾಂ ರಾಜಧಾನಿ ಹನೋಯ್‌ನಲ್ಲಿ ನಮಗೆ ನೆಂಟರಿಲ್ಲ. ಅದಕ್ಕೇ ಗೈಡ್.

ನನಗೆ ಇದು ಇನ್ನೂ ಜಾಸ್ತಿ ಮುಖ್ಯ, ಯಾಕೆಂದರೆ ನಾವು ಸಸ್ಯಾಹಾರಿಗಳು. ನಾನು ಮೊಟ್ಟೆ ತಿನ್ನುತ್ತೇನೆ. ಜೊತೆಗೆ ಬರುವ ಅಕ್ಕ ಅದನ್ನೂ ಮುಟ್ಟುವುದಿಲ್ಲ. ನಮ್ಮಂಥವರು ವಿಯೆಟ್ನಾಂ, ಥಾಯ್ಲೆಂಡ್ ಕಡೆ ಹೋದರೆ ಚಟ್ನಿಪುಡಿ, ರೊಟ್ಟಿ, ಎಂಟಿಆರ್ ಪ್ಯಾಕೆಟ್‌ನಲ್ಲೇ ದಿನ ತಳ್ಳುವವರು ಬಹಳ. ಅಷ್ಟು ದೂರ ಹೋಗಿ ಆ ನೆಲದ ಊಟ ಉಣ್ಣದೇ ಬರುವುದು ನನಗೆ ನಿಜಕ್ಕೂ ಸಂಕಟ ಅನ್ನಿಸುತ್ತದೆ.

ಅಲ್ಲಿನ ತೊಂದರೆ ಕಣ್ಣಿಗೆ ಕಾಣುವ ಮಾಂಸದ್ದಲ್ಲ, ಅದನ್ನು ನೋಡಿಯೇ ಬಿಡಬಹುದು. ತೊಂದರೆ ಸಾಸಿನದು. ಮೀನಿಗೆ ಉಪ್ಪು ಹಾಕಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ರಸ ವಿಯೆಟ್ನಾಂ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಇರುತ್ತದೆ. ಸೊಪ್ಪಿನ ಪಲ್ಯದಲ್ಲೂ ಅದೇ. ಹನೋಯ್‌ನಲ್ಲಿ ಬುನ್ ದೌ ಅಂತ ಒಂದು ತಿಂಡಿ ಇದೆ. ಅಕ್ಕಿ ಶಾವಿಗೆ, ಕರಿದ ತೋಫು (ಸೋಯಾ ಹಾಲಿನ ಪನೀರ್), ಒಂದಿಷ್ಟು ಹಸಿ ಸೊಪ್ಪು. ನೋಡಿದರೆ ನಮ್ಮದೇ ಊಟ ಅನ್ನಿಸುತ್ತದೆ. ಆದರೆ ಅದ್ದಿಕೊಳ್ಳಲು ಕೊಡುವ ಬಟ್ಟಲಿನಲ್ಲಿ ಇರುವುದು ಸಿಗಡಿ ಹುದುಗಿಸಿದ ಪೇಸ್ಟ್.

ನಮ್ಮ ಗೈಡ್ ಕಾಲೇಜು ಮುಗಿಸಿದ ಹುಡುಗಿ. ಬುನ್ ದೌ ಅಂಗಡಿಯ ಮುಂದೆ ಒಂದು ನಿಮಿಷ ನಿಂತು, ಬಾಣಲೆ ನೋಡಿ, ಅಲ್ಲಿಂದ ನಮ್ಮನ್ನು ಹೊರಡಿಸಿದಳು. ತೋಫು ಕರಿಯುವ ಎಣ್ಣೆಯಲ್ಲೇ ಹಂದಿ ಮಾಂಸವನ್ನೂ ಕರಿಯುತ್ತಿದ್ದರು. ಆಮೇಲೆ ಒಂದು ತಳ್ಳುಗಾಡಿ ಹತ್ತಿರ ಕರೆದುಕೊಂಡು ಹೋದಳು. ಅಂಟು ಅಕ್ಕಿಗೆ ಅರಿಶಿನ ಹಾಕಿ ಬೇಯಿಸಿ, ಮೇಲೆ ಬೆಂದ ಹೆಸರುಬೇಳೆಯ ಉಂಡೆಯನ್ನು ತೆಳ್ಳಗೆ ಹೆರೆದು, ಕರಿದ ಈರುಳ್ಳಿ ಉದುರಿಸಿ ಕೊಡುತ್ತಾರೆ. ಸೊಯ್ ಸೆಯೊ ಅಂತ ಹೆಸರು. ಎಲ್ಲ ಸರಿ, ಕೊನೆಗೆ ಒಂದು ಚಮಚ ಕೊಬ್ಬು ಸುರಿಯುತ್ತಾರೆ! ಆ ಚಮಚ ಏಳುವ ಮೊದಲೇ ಅವಳು ಗಾಡಿಯಾಕೆಯನ್ನು "ಅತ್ತೆ" ಎಂದು ಕರೆದು ತಡೆದಳು. ಅಲ್ಲಿಯೂ ವಯಸ್ಸು ನೋಡಿ ಅಕ್ಕ, ಅಣ್ಣ, ಅತ್ತೆ ಎಂದೇ ಮಾತಾಡಿಸುತ್ತಾರೆ. ಹಾಗೆ ಕರೆದು ಕೇಳಿದ್ದಕ್ಕೆ ಆಕೆ ನಗುತ್ತಾ ಎರಡು ಪೊಟ್ಟಣ ಕೊಬ್ಬಿಲ್ಲದೆ ಕಟ್ಟಿಕೊಟ್ಟರು. ಫೋನಿನ ಅನುವಾದದ ಆಪ್‌ಗೆ ಈ ಕೆಲಸ ಆಗುವುದಿಲ್ಲ. ಏನು ಕೇಳಬೇಕು ಅಂತಲೇ ನಮಗೆ ಗೊತ್ತಿರುವುದಿಲ್ಲ, ಅಲ್ವಾ?

ನಾವು ಹೋದದ್ದು ಮಳೆಗಾಲ ಮುಗಿಯುವ ಹೊತ್ತು. ಎಳೆ ಭತ್ತವನ್ನು ಹುರಿದು ಕುಟ್ಟಿ ಮಾಡುವ ಹಸಿರು ಅವಲಕ್ಕಿ, ಕೋಮ್, ಆ ಕಾಲದಲ್ಲೇ ಹೊಸದಾಗಿ ಬರುತ್ತದೆ. ತಾವರೆ ಎಲೆಯಲ್ಲಿ ಸುತ್ತಿ ಕೊಡುತ್ತಾರೆ. ಅಕ್ಕ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಬೆಲ್ಲ ಕಾಯಿ ಇದ್ದಿದ್ರೆ ಇಲ್ಲೇ ಕಲಸಿಬಿಡ್ತಿದ್ದೆ ನೋಡು" ಅಂದಳು. ಕೊನೆಗೆ ಕಾಫಿ. ಹನೋಯ್‌ನ ಮೊಟ್ಟೆ ಕಾಫಿ ಹುಟ್ಟಿದ್ದು 1946ರಲ್ಲಿ. ಹಾಲಿಗೆ ಬರ ಬಂದಿದ್ದಾಗ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನುಯೆನ್ ವಾನ್ ಯಾಂಗ್ ಎನ್ನುವವರು ಹಾಲಿನ ಬದಲು ಮೊಟ್ಟೆಯ ಹಳದಿಯನ್ನು ನೊರೆ ಬರುವಂತೆ ಕಡೆದು ಕಾಫಿಗೆ ಹಾಕಿದರು. ನಾನು ಅದನ್ನು ಕುಡಿದೆ. ಅಕ್ಕನಿಗೆ ತೆಂಗಿನ ಹಾಲಿನ ಕಾಫಿ ಬಂತು. ಅವಳದ್ದೇ ಚೆನ್ನಾಗಿತ್ತು ಅಂತ ಈಗಲೂ ಹೇಳುತ್ತೇನೆ.

ಅದೇ ಸಂಜೆ ಗೈಡ್ ಹೇಳಿದ ಇನ್ನೊಂದು ಮಾತು ಮುಂದಿನ ದಿನಗಳಿಗೆಲ್ಲ ಉಪಯೋಗಕ್ಕೆ ಬಂತು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ, ಅಲ್ಲಿನ ಬೌದ್ಧರಲ್ಲಿ ಬಹಳ ಮಂದಿ ಮಾಂಸ ಬಿಡುತ್ತಾರೆ. ಆ ದಿನಗಳಲ್ಲಿ ಸಸ್ಯಾಹಾರ ಸುಲಭವಾಗಿ ಸಿಗುತ್ತದೆ. ಬೋರ್ಡಿನಲ್ಲಿ 'ಚಾಯ್' (ಅವರ ಭಾಷೆಯಲ್ಲಿ ಸಸ್ಯಾಹಾರ) ಅಂತ ಇದ್ದರೆ ಧೈರ್ಯವಾಗಿ ಒಳಗೆ ಹೋಗಬಹುದು. ಮೊಟ್ಟೆ ಬಗ್ಗೆ ಮಾತ್ರ ಒಂದು ಮಾತು ಕೇಳಿಕೊಳ್ಳಬೇಕು.

ಮಲೇಷ್ಯಾದ ಪೆನಾಂಗ್‌ನಲ್ಲೂ ಗೈಡ್ ಜೊತೆಗೇ ತಿಂದೆವು. ಅಲ್ಲಿನ ಜಾರ್ಜ್‌ಟೌನ್ 2008ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಊರು. ಹೆಸರಾದ ಶಾವಿಗೆ ತಿಂಡಿ ಅಸಮ್ ಲಕ್ಸಾದ ಸಾರೇ ಮೀನಿನದು, ನಮಗೆ ಆಗುವುದಿಲ್ಲ. ಆದರೆ ಚೆಂಡೋಲ್ ಸಿಕ್ಕಿತು: ತೆಂಗಿನ ಹಾಲು, ತಾಳೆ ಬೆಲ್ಲ, ಹಸಿರು ಶಾವಿಗೆ, ಪುಡಿ ಐಸು. ತಮಿಳರು ಜೊತೆಗೆ ತಂದ ಆಪಮ್ ಮತ್ತು ಪುಟು ಮಾಯಮ್ ಕೂಡ ಸಿಕ್ಕವು. ಪುಟು ಮಾಯಮ್ ಅಂದರೆ ನಮ್ಮ ಒತ್ತು ಶಾವಿಗೆಯೇ.

ಎಲ್ಲ ಊರಲ್ಲೂ ಗೈಡ್ ಬೇಕು ಅಂತ ನಾನು ಹೇಳುವುದಿಲ್ಲ. ಸಿಂಗಾಪುರದಲ್ಲಿ ಬೀದಿ ವ್ಯಾಪಾರಿಗಳನ್ನು ಸರ್ಕಾರ ಹಿಂದೆಯೇ ಹಾಕರ್ ಸೆಂಟರುಗಳಿಗೆ, ಅಂದರೆ ತಿಂಡಿ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಕಟ್ಟಡಗಳಿಗೆ, ಸೇರಿಸಿದೆ. ಬೋರ್ಡು, ಬೆಲೆ ಎಲ್ಲ ಇಂಗ್ಲಿಷಿನಲ್ಲಿ ಇರುತ್ತದೆ. ಅಲ್ಲಿ ಸುಮ್ನೆ ನಾವೇ ಸುತ್ತಿದರೆ ಸಾಕು.

ನಾನು ಆರಿಸುವ ರೀತಿ ಹೀಗೆ. ಗುಂಪು ಎಂಟು ಜನರ ಒಳಗೆ ಇರಬೇಕು. ಇಪ್ಪತ್ತು ಜನ ಗಲ್ಲಿಗೆ ನುಗ್ಗಿದರೆ ಅಂಗಡಿಯವರಿಗೂ ಕಷ್ಟ, ಗೈಡ್ ಮಾತೂ ಕೇಳಿಸುವುದಿಲ್ಲ. ಬುಕ್ ಮಾಡುವ ಮೊದಲು ಮೆಸೇಜ್ ಕಳಿಸುತ್ತೇನೆ. ಬರೀ 'ಸಸ್ಯಾಹಾರಿ' ಅಂದರೆ ಸಾಲದು. ಮಾಂಸ, ಮೀನು, ಮೀನಿನ ಸಾಸ್, ಸಿಗಡಿ ಪೇಸ್ಟ್, ಪ್ರಾಣಿ ಕೊಬ್ಬು, ಒಬ್ಬರಿಗೆ ಮೊಟ್ಟೆಯೂ ಬೇಡ ಅಂತ ಬಿಡಿಸಿ ಬರೆಯುತ್ತೇನೆ. 'ತೊಂದರೆ ಇಲ್ಲ, ಬನ್ನಿ' ಅಂತ ಒಂದೇ ಸಾಲಿನ ಉತ್ತರ ಬಂದರೆ ಅವರನ್ನು ಬಿಡುತ್ತೇನೆ. 'ಇಂಥ ಎರಡು ಕಡೆ ನಿಮಗೆ ಆಗಲ್ಲ, ಬದಲಿಗೆ ಇಂಥ ಕಡೆ ಹೋಗೋಣ' ಎಂದು ಬರೆದವರಿಗೆ ದುಡ್ಡು ಕಟ್ಟುತ್ತೇನೆ. ಹನೋಯ್‌ನಲ್ಲಿ ತಲೆಗೆ ಎರಡು ಸಾವಿರ ರೂಪಾಯಿಯ ಆಸುಪಾಸು ಆಯಿತು, ತಿಂಡಿಯ ಖರ್ಚೂ ಅದರಲ್ಲೇ.

ಟೂರ್ ಯಾವಾಗಲೂ ಮೊದಲ ಸಂಜೆಗೇ ಇರಲಿ. ಕೊನೆಯ ದಿನ ಕಲಿತು ಏನು ಪ್ರಯೋಜನ? ಮಧ್ಯಾಹ್ನ ಊಟ ಕಡಿಮೆ ಮಾಡಿ. ಇಬ್ಬರಿದ್ದರೆ ಒಂದು ಪ್ಲೇಟ್ ಹಂಚಿಕೊಳ್ಳಿ, ಇಲ್ಲದಿದ್ದರೆ ಮೂರನೇ ಅಂಗಡಿಗೇ ಹೊಟ್ಟೆ ತುಂಬಿಬಿಡುತ್ತದೆ. ಹೊರಡುವ ಮುಂಚೆ ಗೈಡ್ ಕೈಯಲ್ಲೇ, ಅವರ ಭಾಷೆಯಲ್ಲೇ, ನಾವು ಏನೇನು ತಿನ್ನುವುದಿಲ್ಲ ಅಂತ ಒಂದು ಚೀಟಿ ಬರೆಸಿಕೊಳ್ಳಿ. ಅಕ್ಕ ಆ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದಳು. ಮುಂದೆ ವಿಯೆಟ್ನಾಂನದೇ ಹುಯೆ ಊರಿಗೆ ಹೋದಾಗ ಗೈಡ್ ಇರಲಿಲ್ಲ. ಅಕ್ಕನೇ ಅಂಗಡಿಯವರಿಗೆ ಚೀಟಿ ತೋರಿಸಿ, ಕೈಸನ್ನೆ ಮಾಡಿ, ನಮ್ಮಿಬ್ಬರಿಗೂ ಊಟ ಹೇಳಿದಳು.