ಏಪ್ರಿಲ್‌ನಲ್ಲಿ ಬರುವ ಗುಮಾಸ್ತರು

ಬೇಸಿಗೆಯ ಬಿಡುವಿನಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳನ್ನು ಕಚೇರಿಗೆ ಕರೆದು ಕೆಲಸ ಕಲಿಸುತ್ತೇನೆ. ನನ್ನ ತಂಗಿಯ ಮಗನಿಂದ ಇದು ಶುರುವಾಯಿತು, ಮೊದಲ ಬಾರಿ ಕೆಟ್ಟದ್ದೂ ಅವನಿಂದಲೇ. ಮುಂಬಯಿಯ ಮಾಟುಂಗದಲ್ಲಿ ನನ್ನದೊಂದು ಸಣ್ಣ ಕಚೇರಿ. ಹೋಟೆಲು, ಕಿರಾಣಿ, ಹಾರ್ಡ್‌ವೇರ್ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ನನ್ನ ಹೊಟ್ಟೆಪಾಡು. ಮಾರ್ಚ್‌ನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಮುಗಿದರೆ ಕಾಲೇಜು ಶುರುವಾಗುವವರೆಗೆ ಮಕ್ಕಳಿಗೆ ತಿಂಗಳುಗಟ್ಟಲೆ ಬಿಡುವು. 2018ರಲ್ಲಿ ತಂಗಿ ಫೋನ್ ಮಾಡಿ, ಮಗ ಮೊಬೈಲ್ ಹಿಡಿದು ಮಲಗಿಯೇ ಇರುತ್ತಾನೆ, ನಿನ್ನ ಕಚೇರಿಯಲ್ಲಿ ಕೂರಿಸಿಕೋ ಎಂದಳು. ಕೂರಿಸಿಕೊಂಡೆ. ಅವನು ಕೂತೇ ಇದ್ದ. ತಡವಾಗಿ ಬಂದನೆಂದು ಗದರಿದರೆ ಸಂಜೆ ತಂಗಿಯ ಫೋನ್ ಬರುತ್ತಿತ್ತು. ಇಪ್ಪತ್ತು ದಿನ ಝೆರಾಕ್ಸ್ ತೆಗೆಸಿ, ಐಸ್‌ಕ್ರೀಮ್ ಕೊಡಿಸಿ ಕಳಿಸಿದೆ.

ಸೋದರಮಾವನ ಹೋಟೆಲಿಗೆ ಅಳಿಯ ಸೇರುವುದು ಮುಂಬಯಿ ಕನ್ನಡಿಗರ ಹಳೆಯ ರೂಢಿ. ನನ್ನ ತಂದೆಯೂ ಉಡುಪಿ ಕಡೆಯಿಂದ ಹಾಗೆಯೇ ಬಂದವರು. ಹಗಲು ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಆದರೆ ಅವರ ಮಾವ ಅವರನ್ನು ಒಂದು ದಿನವೂ ಅಳಿಯನೆಂದು ನೋಡಲಿಲ್ಲವಂತೆ. ನನಗೆ ಅಷ್ಟು ಗಟ್ಟಿ ಎದೆಯಿಲ್ಲ. ಹಾಗಾಗಿ ಮರುವರ್ಷದಿಂದ ನೆಂಟರ ಮಕ್ಕಳಿಗೆ ಬಾಗಿಲು ಮುಚ್ಚಿದೆ. ಅಪರಿಚಿತರ ಮಕ್ಕಳು ಮಾತ್ರ, ವರ್ಷಕ್ಕೆ ಇಬ್ಬರು. ಕೊರೊನಾದ ಎರಡು ಬೇಸಿಗೆ ಬಿಟ್ಟರೆ ಈ ಕ್ರಮ ತಪ್ಪಿಲ್ಲ.

2019ರಲ್ಲಿ ಬಂದ ಹುಡುಗನ ವಿಷಯದಲ್ಲಿ ತಪ್ಪು ನನ್ನದೇ. ತಿಂಗಳ 20ನೆಯ ತಾರೀಖಿನ ರಿಟರ್ನ್ ಹತ್ತಿರ ಬಂದಿತ್ತು, ಅವನನ್ನು ರಾತ್ರಿ ಎಂಟೂವರೆಯವರೆಗೆ ಉಳಿಸಿಕೊಂಡೆ. ಕಚೇರಿಗೆ ಬಂದಿದ್ದ ವಕೀಲರೊಬ್ಬರು ಚಹಾ ಕುಡಿಯುತ್ತಾ ಅವನ ವಯಸ್ಸು ಕೇಳಿ, ನನ್ನ ಕಡೆ ತಿರುಗಿ ಕಾನೂನು ಹೇಳಿದರು. 1986ರ ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ, 14 ತುಂಬದವರನ್ನು ನನ್ನಂಥವನು ಕೆಲಸಕ್ಕೆ ಇಟ್ಟುಕೊಳ್ಳುವಂತೆಯೇ ಇಲ್ಲ. 14ರಿಂದ 18ರವರನ್ನು ಅಪಾಯವಿಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದು, ಆದರೆ ಸಂಜೆ ಏಳರಿಂದ ಬೆಳಗ್ಗೆ ಎಂಟರವರೆಗೆ ದುಡಿಸುವಂತಿಲ್ಲ. ಮೂರು ಗಂಟೆ ದುಡಿದರೆ ಒಂದು ಗಂಟೆ ವಿಶ್ರಾಂತಿ ಕೊಡಬೇಕು, ಅದೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು. ವಾರಕ್ಕೊಂದು ರಜೆ. ಅಂದಿನಿಂದ ನನ್ನಲ್ಲಿಗೆ ಬರುವ ಮಕ್ಕಳ ಹೊತ್ತು ಹತ್ತರಿಂದ ಒಂದು, ಎರಡರಿಂದ ನಾಲ್ಕು. ನಡುವಿನ ಗಂಟೆಯಲ್ಲಿ ಊಟ ಮುಗಿಸಿ ಹೂವಿನ ಮಾರುಕಟ್ಟೆ ಸುತ್ತಿ ಬರುತ್ತಾರೆ.

ಸಂಬಳ ಕೊಡುತ್ತೇನೆ, ನನ್ನ ಗುಮಾಸ್ತನ ಗಂಟೆಯ ದರದಲ್ಲೇ. ಅನುಭವವೇ ಸಂಬಳ ಎನ್ನುವ ಮಾಲೀಕರನ್ನು ಕಂಡರೆ ನನಗೆ ಆಗುವುದಿಲ್ಲ. ಶನಿವಾರ ತಮ್ಮ ವೋಚರನ್ನು ಮಕ್ಕಳೇ ಬರೆಯಬೇಕು: ಎಷ್ಟು ಗಂಟೆ, ಯಾವ ಕೆಲಸ, ಎಷ್ಟು ಹಣ. ಒಬ್ಬಳು ಅರ್ಧ ಗಂಟೆ ಕಡಿಮೆ ಬರೆದುಕೊಂಡಿದ್ದಳು, ಆ ಹೊತ್ತು ಕೆಲಸವಿಲ್ಲದೆ ಸುಮ್ಮನೆ ಕೂತಿದ್ದೆ ಎಂದಳು. ಕೆಲಸಕ್ಕಾಗಿ ಕಾದ ಹೊತ್ತೂ ಕೆಲಸದ ಹೊತ್ತೇ ಎಂದು ತಿದ್ದಿಸಿದೆ.

ಮೊದಲ ವಾರ ಕಂಪ್ಯೂಟರ್ ಮುಟ್ಟಿಸುವುದಿಲ್ಲ. ಹಳೆಯ ಬಿಲ್ಲುಗಳ ಕಟ್ಟು ಕೊಟ್ಟು ಜಿಎಸ್‌ಟಿ ಸಂಖ್ಯೆ ಓದಲು ಕಲಿಸುತ್ತೇನೆ. ಹದಿನೈದು ಅಕ್ಷರ, ಮೊದಲ ಎರಡು ರಾಜ್ಯದ ಗುರುತು, ಮುಂದಿನ ಹತ್ತು ಆದಾಯ ತೆರಿಗೆಯ ಪ್ಯಾನ್ ಸಂಖ್ಯೆ. ಪ್ಯಾನ್‌ನ ನಾಲ್ಕನೆಯ ಅಕ್ಷರ ಪಿ ಆದರೆ ವ್ಯಕ್ತಿ, ಎಫ್ ಆದರೆ ಪಾಲುದಾರಿಕೆ, ಸಿ ಆದರೆ ಕಂಪನಿ. ಅಂಕಿಗಳ ರಾಶಿಯಿಂದ ಯಾರು, ಎಲ್ಲಿಯವರು ಎಂದು ಹೊರಬರುವಾಗ ಮಕ್ಕಳಿಗೆ ಪತ್ತೇದಾರರಾದಷ್ಟು ಖುಷಿ.

ಅವರು ನಿಜವಾಗಿ ಹೆದರುವುದು ಫೋನಿಗೆ. ಹಗಲು ರಾತ್ರಿ ಮೊಬೈಲ್ ಹಿಡಿದಿರುವ ಮಕ್ಕಳು ಅಪರಿಚಿತರಿಗೆ ಕರೆ ಮಾಡು ಎಂದರೆ ಬೆವರುತ್ತಾರೆ. ಒಬ್ಬ ಹುಡುಗಿ ಸರಕು ಹಿಂದಿರುಗಿಸಿದ್ದಕ್ಕೆ ಕೊಟ್ಟ, ಬಾಕಿ ಇಳಿಸುವ ಚೀಟಿಯಾದ ಕ್ರೆಡಿಟ್ ನೋಟನ್ನು ಖರೀದಿಯ ಬಿಲ್ಲೆಂದು ಏರಿಸಿಬಿಟ್ಟಿದ್ದಳು. ಅಂಗಡಿಯವರಿಗೆ ನೀನೇ ಹೇಳು ಎಂದೆ. ಹಿಂದಿಯಲ್ಲಿ ನಾಲ್ಕು ಸಾಲು ಕಾಗದದ ಮೇಲೆ ಬರೆದುಕೊಂಡಳು, ಮೆಟ್ಟಿಲ ಬಳಿ ಹೋಗಿ ಬಾಯಿಪಾಠ ಮಾಡಿದಳು, ಕರೆ ಮಾಡಿದಳು. ಆ ಕಡೆಯವರು ಮರಾಠಿಯಲ್ಲಿ ಉತ್ತರಿಸಿದಾಗ ಕಾಗದ ಕೆಲಸಕ್ಕೆ ಬರಲಿಲ್ಲ. ಎರಡೂ ಭಾಷೆ ಬೆರೆಸಿ ತಪ್ಪು ಒಪ್ಪಿಕೊಂಡು ಮುಗಿಸಿದಳು. ಅವರು ಬೈಯಲಿಲ್ಲವೆಂಬುದೇ ಅವಳಿಗೆ ಅಚ್ಚರಿ.

ಶುಕ್ರವಾರ ಮಧ್ಯಾಹ್ನ ಪರಿಚಯದವರ ಕೆಲಸದ ಜಾಗಗಳಿಗೆ ಕರೆದೊಯ್ಯುತ್ತೇನೆ: ಛಾಪಖಾನೆ, ಔಷಧಿ ಅಂಗಡಿ, ಎಸಿ ರಿಪೇರಿಯ ಕಾರ್ಖಾನೆ. ಹತ್ತಾದ ಮೇಲೆ ಐಟಿಐ ಸೇರಬಹುದು, ಎಲೆಕ್ಟ್ರಿಷಿಯನ್ ಕೋರ್ಸ್ ಎರಡು ವರ್ಷದ್ದು ಎಂದರೆ ತಾಯಿತಂದೆಯರ ಮುಖ ಸಣ್ಣದಾಗುತ್ತದೆ. ನನ್ನ ಬಳಿ ಒಂದು ತಿಂಗಳು ಆಕಳಿಸಿ, ಲೆಕ್ಕ ತನ್ನದಲ್ಲವೆಂದು ತಿಳಿದು ಐಟಿಐಗೆ ಹೋದ ಹುಡುಗ ನನ್ನ ಮಟ್ಟಿಗೆ ಆ ವರ್ಷದ ಲಾಭ. ಅವನ ತಂದೆ ಈಗಲೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ.

ಎರಡು ವರ್ಷದ ಹಿಂದೆ ಆಂಟಾಪ್ ಹಿಲ್‌ನಿಂದ ಬಂದ ಹುಡುಗನ ಮನೆಯವರು ವಿಜಯಪುರ ಜಿಲ್ಲೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಎರಡು ವಾರ ಅವನ ದನಿಯೇ ಕೇಳಿರಲಿಲ್ಲ. ಒಂದು ದಿನ ಬಿಲ್ಲೊಂದನ್ನು ಹಿಡಿದು ಬಂದು ಮೇಜಿನ ಮೇಲಿಟ್ಟ. ಒಣದ್ರಾಕ್ಷಿಯ ಬಿಲ್ಲು. ಮಾರಿದವರ ಸಂಖ್ಯೆ 29ರಿಂದ, ಕೊಂಡ ನಮ್ಮ ಅಂಗಡಿಯದು 27ರಿಂದ ಶುರು. ಅಂದರೆ ಸರಕು ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಬಂದಿದೆ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿನ ತೆರಿಗೆಯಾದ ಐಜಿಎಸ್‌ಟಿ ಹಾಕಬೇಕಾದಲ್ಲಿ, ಒಂದೇ ರಾಜ್ಯದೊಳಗಿನ ಮಾರಾಟದಂತೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಎಂದು ಒಡೆದು ಹಾಕಿದ್ದರು. ನನ್ನ ಗುಮಾಸ್ತನ ಕಣ್ಣಿಗೂ ಬಿದ್ದಿರಲಿಲ್ಲ. ಕರ್ನಾಟಕದ ಪಾಲಿಗೆ ಹೋದ ತೆರಿಗೆಯನ್ನು ಇಲ್ಲಿಯ ಅಂಗಡಿ ತನ್ನ ಲೆಕ್ಕದಲ್ಲಿ ಹೊಂದಿಸಿಕೊಳ್ಳಲಾಗದು, ಬಿಲ್ಲು ಬದಲಾಯಿಸಲೇಬೇಕು.

ಫೋನ್ ಅವನ ಕೈಗೆ ಕೊಟ್ಟೆ. ವ್ಯಾಪಾರಿ ವಿಜಯಪುರದವರು. ಹುಡುಗ ತನ್ನ ಊರ ಮಾತಿನಲ್ಲಿ ಶುರುಮಾಡಿದ. ನನ್ನ ಕರಾವಳಿ ಕನ್ನಡಕ್ಕೆ ಅರ್ಧ ಅರ್ಥವಾಗಲಿಲ್ಲ. ಮೊದಲು ಯಾವ ಊರು, ಯಾರ ಮಗ ಎಂಬ ವಿಚಾರಣೆ, ಆಮೇಲೆ ಮಳೆ, ಕೊನೆಗೆ ತೆರಿಗೆ. ಮೂರನೆಯ ದಿನ ಸರಿಯಾದ ಬಿಲ್ಲು ಬಂತು.

ಜುಲೈನಲ್ಲಿ ಆ ವ್ಯಾಪಾರಿ ಇನ್ನೊಂದು ಬಿಲ್ಲಿನ ಸಂದೇಹಕ್ಕೆ ತಾವೇ ಕರೆ ಮಾಡಿದರು. ನಾನು ಎತ್ತಿ ವಿಷಯವೇನೆಂದು ಕೇಳಿದರೆ, ನಿಮಗಲ್ಲ, ಆ ಹುಡುಗನಿಗೆ ಕೊಡಿ ಎಂದರು. ಹುಡುಗ ಆಗಲೇ ಕಾಲೇಜು ಸೇರಿದ್ದ.