ಪಂಚಿಂಗ್ ಟೂಲ್ ಕೊಳ್ಳುವ ಮುಂಚೆ ಜ್ಯಾಕಿನ ಬೆನ್ನು ನೋಡಿ

ನೆಟ್‌ವರ್ಕ್, ಫೋನ್ ಕೇಬಲಿನ ತಂತಿಯನ್ನು ಜ್ಯಾಕಿನ (ಕೇಬಲ್ ಸಿಕ್ಕಿಸುವ ಸಾಕೆಟ್ಟಿನ) ಬೆನ್ನಿನ ಸೀಳಿಗೆ ಒತ್ತಿ ಕೂರಿಸುವುದೇ ಪಂಚಿಂಗ್ ಟೂಲ್. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಬರೀ ‘ಪಂಚಿಂಗ್ ಟೂಲ್ ಕೊಡಿ’ ಅಂದರೆ ಕೈಗೆ ಕ್ರೋನ್ ಟೂಲ್ ಬರಬಹುದು, 110 ಬ್ಲೇಡಿನ ಇಂಪ್ಯಾಕ್ಟ್ ಟೂಲೂ ಬರಬಹುದು. ಕ್ರೋನ್, 110 ಅನ್ನುವುದು ಎರಡು ಬೇರೆ ಬಗೆಯ ಸೀಳುಗಳ ಹೆಸರು; ಒಂದರ ಟೂಲ್ ಇನ್ನೊಂದರ ಕೆಲಸ ಮಾಡಲ್ಲ. ಮುಂಬೈ ಆಫೀಸುಗಳಲ್ಲಿ ಇಂಟರ್‌ಕಾಮ್ ಡಬ್ಬಿ ತೆರೆದರೆ ಸಾಮಾನ್ಯವಾಗಿ 10 ಜೋಡಿಯ ಕ್ರೋನ್ ಮಾಡ್ಯೂಲ್ ಇರುತ್ತೆ; ಡೇಟಾ ರ‍್ಯಾಕಿನ ಪ್ಯಾಚ್ ಪ್ಯಾನೆಲ್ (ಸಾಲಾಗಿ ಜ್ಯಾಕುಗಳಿರುವ ಪಟ್ಟಿ) ಹೆಚ್ಚಾಗಿ 110. ಎರಡಕ್ಕೂ ಒಗ್ಗುವ ಜ್ಯಾಕುಗಳೂ ಇವೆ, ಪ್ಯಾಕೆಟ್ ಮೇಲೆ ಹಾಗಂತ ಬರೆದಿರುತ್ತೆ. ಬರೀ 110 ಎಂದಿರುವ ಜ್ಯಾಕಿಗೆ ಕ್ರೋನ್ ಟೂಲ್ ಒತ್ತಿದರೆ ಸೀಳಿನ ಪಕ್ಕದ ಪ್ಲಾಸ್ಟಿಕ್ ಒಡೆಯುತ್ತೆ, ಇಲ್ಲವೇ ತಂತಿ ಅರ್ಧಕ್ಕೇ ನಿಲ್ಲುತ್ತೆ.

ನನ್ನ ಚೀಲದಲ್ಲಿ ಎರಡೂ ಇವೆ. ಒಂದೇ ಸಾಕು ಅನ್ನುವವರು ಬ್ಲೇಡ್ ಬದಲಿಸಲು ಬರುವ ಸ್ಪ್ರಿಂಗ್ ಟೂಲ್ ಕೊಳ್ಳಲಿ. ಬ್ಲೇಡನ್ನು ಒಳಗೆ ಒತ್ತಿ ತಿರುಗಿಸಿದರೆ ಕೂರುತ್ತೆ, ಕ್ರೋನ್ ಬ್ಲೇಡೂ ಅದೇ ಹಿಡಿಗೆ ಸಿಗುತ್ತೆ. ದುಡ್ಡು ಹಾಕುವುದಿದ್ದರೆ ಬ್ಲೇಡಿಗೆ ಹಾಕಿ, ಹಿಡಿಯ ಬಣ್ಣಕ್ಕಲ್ಲ. ಜ್ಯಾಕಿನ ಜತೆ ಪುಕ್ಕಟೆ ಬರುವ ಪ್ಲಾಸ್ಟಿಕ್ ಟೂಲ್ ಒಂದೆರಡು ಪಾಯಿಂಟಿಗೆ ನಡೆಯುತ್ತೆ; 24 ಪೋರ್ಟಿನ ಪ್ಯಾನೆಲ್ ಅಂದರೆ 192 ತಂತಿ, ಅಲ್ಲಿ ಅದರ ಆಟ ನಡೆಯಲ್ಲ.

ಕೆಲಸಕ್ಕೆ ಬರೋಣ. ಹೊರಸಿಪ್ಪೆಯನ್ನು ಸುಮಾರು 4-5 ಸೆಂಟಿಮೀಟರ್ ತೆಗೆಯಿರಿ. ಒಳಗಿನ ಎಂಟು ತಂತಿಯ ಪ್ಲಾಸ್ಟಿಕ್ ಸುಲಿಯಬಾರದು. ಸೀಳಿನೊಳಗಿನ ಲೋಹದ ಅಂಚುಗಳೇ ಅದನ್ನು ಕೊಯ್ದು ತಾಮ್ರವನ್ನು ಕಚ್ಚಿ ಹಿಡಿಯುತ್ತವೆ. ಜೋಡಿಯ ಹುರಿ ಬಿಚ್ಚುವುದು 13 ಮಿಲಿಮೀಟರಿಗಿಂತ ಹೆಚ್ಚಾಗಬಾರದು, ಕ್ಯಾಟ್ 6 ದರ್ಜೆಯ ಕೇಬಲಿನಲ್ಲಿ ಇನ್ನೂ ಕಡಿಮೆ ಇದ್ದಷ್ಟು ಒಳ್ಳೆಯದು. ಸಿಪ್ಪೆಯ ತುದಿ ಜ್ಯಾಕಿಗೆ ಅಂಟಿಕೊಂಡೇ ಇರಲಿ.

ಆರ್‌ಜೆ45 ಪ್ಲಗ್ಗಿಗೆ (ಕೇಬಲಿನ ತುದಿಗೆ ಹಾಕುವುದು) ಬಾಯಿಪಾಠ ಮಾಡಿದ ಬಣ್ಣದ ಸಾಲನ್ನು ಇಲ್ಲಿ ಮರೆತುಬಿಡಿ. ಜ್ಯಾಕಿನ ಪಕ್ಕದಲ್ಲಿರುವ ಚೀಟಿಯ ಎ ಅಥವಾ ಬಿ ಸಾಲು (ಬಣ್ಣ ಜೋಡಿಸುವ ಎರಡು ಕ್ರಮ) ನೋಡಿ ತಂತಿ ಕೂರಿಸಿ, ಎರಡೂ ತುದಿಯಲ್ಲಿ ಒಂದೇ ಸಾಲು. ನಾನು ಎಲ್ಲೆಡೆ ಬಿ ಇಡುತ್ತೇನೆ. ಹಳೆಯ ಪ್ಯಾನೆಲ್ ಎ ಇದ್ದರೆ ಮಾತ್ರ ಅದನ್ನೇ ಮುಂದುವರಿಸುತ್ತೇನೆ.

ಇನ್ನು ಒತ್ತುವುದು. 110 ಬ್ಲೇಡಿನ ಒಂದು ತುದಿಗೆ ಕತ್ತರಿ ಇದೆ, ಇನ್ನೊಂದಕ್ಕಿಲ್ಲ. ಕತ್ತರಿಯ ಬದಿ ತಂತಿಯ ಹೊರತುದಿಯ ಕಡೆಗಿರಬೇಕು. ತಿರುವುಮುರುವಾದರೆ ಕೇಬಲಿನಿಂದ ಬರುವ ತಂತಿಯೇ ತುಂಡಾಗಿ, ಉಪಯೋಗವಿಲ್ಲದ ತುಣುಕು ಸೀಳಿನಲ್ಲಿ ಚೆನ್ನಾಗಿ ಕೂತಿರುತ್ತೆ! ಪ್ಯಾನೆಲಿನಲ್ಲಿ ಮೇಲಿನ ಸಾಲು ಮುಗಿಸಿ ಕೆಳಗಿನದಕ್ಕೆ ಬಂದಾಗ ಕತ್ತರಿಯ ದಿಕ್ಕು ಇನ್ನೊಮ್ಮೆ ನೋಡಿಕೊಳ್ಳಿ. ಟೂಲನ್ನು ನೇರ ನಿಲ್ಲಿಸಿ ಒಂದೇ ಒತ್ತು. ಓರೆಯಾದರೆ ಲೋಹದ ಅಂಚು ಅಗಲವಾಗಿ ಹಿಡಿತ ಹೋಗುತ್ತೆ. ಸ್ಕ್ರೂಡ್ರೈವರಿನಲ್ಲಿ ಒತ್ತಿದವರಿಗೂ ಇದೇ ಗತಿ. ಸ್ಪ್ರಿಂಗಿನ ಜೋರು ಕಡಿಮೆಯಿಂದ ಶುರು ಮಾಡಿ, ತಂತಿ ತಳಕ್ಕೆ ಮುಟ್ಟದಿದ್ದರೆ ಏರಿಸಿ. ಟಕ್ ಅನ್ನುವ ಸದ್ದು ಸ್ಪ್ರಿಂಗ್ ಬಿಟ್ಟದ್ದಕ್ಕೆ ಸಾಕ್ಷಿ ಅಷ್ಟೆ, ತಂತಿ ಕೂತದ್ದಕ್ಕಲ್ಲ. ಟಾರ್ಚ್ ಹಿಡಿದು ಎಂಟೂ ಒಂದೇ ಆಳದಲ್ಲಿವೆಯೇ ನೋಡಿ. ಜ್ಯಾಕನ್ನು ಅಂಗೈಯಲ್ಲಿ ಹಿಡಿದು ಒತ್ತಬೇಡಿ, ಜಾರಿದರೆ ಬ್ಲೇಡ್ ಕೈಗೇ. ಅದಕ್ಕೆಂದೇ ಸಿಗುವ ಸಣ್ಣ ಪ್ಲಾಸ್ಟಿಕ್ ಹಿಡಿಕೆಯಲ್ಲಿಟ್ಟು ಮೇಜಿನ ಮೇಲೆ ಒತ್ತಿ.

ಪ್ಯಾಚ್ ಕಾರ್ಡಿನ (ಸಾಧನಗಳಿಗೆ ಸಿಕ್ಕಿಸುವ ಗಿಡ್ಡ ಕೇಬಲಿನ) ಎಳೆಎಳೆ ತಂತಿಯನ್ನು ಈ ಸೀಳಿಗೆ ಹಾಕಬೇಡಿ, ಒಂದೇ ಗಟ್ಟಿ ತಂತಿಯ ಕೇಬಲ್ ಬೇಕು. ಅಗ್ಗದ 305 ಮೀಟರ್ ಪೆಟ್ಟಿಗೆಯಾದರೆ ತಂತಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಬಳಿದ ಅಲ್ಯೂಮಿನಿಯಂ. ಒತ್ತಿದ ಜಾಗದಲ್ಲೇ ಅದು ಮುರಿಯುತ್ತೆ, ಪಿಒಇ ಕ್ಯಾಮೆರಾ (ಇದೇ ಕೇಬಲಿನಿಂದ ಕರೆಂಟು ಪಡೆಯುವುದು) ಹಾಕಿದರೆ ಬಿಸಿಯೂ ಆಗುತ್ತೆ.

100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಹಾಗಾಗಿ ಕಂದು ಜೋಡಿಯ ಒಂದು ತಂತಿ ಅರ್ಧ ಕೂತಿದ್ದರೆ ಕೆಲವು ನೆಟ್‌ವರ್ಕ್ ಸ್ವಿಚ್ ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ, ಗಿರಾಕಿ ಬೈಯುವುದು ಇಂಟರ್‌ನೆಟ್ ಕಂಪನಿಗೆ. ಎಂಟು ದೀಪದ ಅಗ್ಗದ ಟೆಸ್ಟರ್ ತುಂಡು ತಂತಿ, ಅದಲು ಬದಲು ತೋರಿಸುತ್ತೆ. ಆದರೆ ಎರಡೂ ತುದಿಯಲ್ಲಿ ಒಂದೇ ರೀತಿ ಜೋಡಿ ಒಡೆದಿದ್ದರೆ (ಒಂದು ಜೋಡಿಯ ತಂತಿ ಇನ್ನೊಂದರ ಜಾಗದಲ್ಲಿ ಕೂತಿದ್ದರೆ) ದೀಪವೆಲ್ಲ ಸರಿಯಾಗೇ ಹೊತ್ತುತ್ತೆ, ತಪ್ಪು ಗೊತ್ತಾಗಲ್ಲ.

ಮಾಟುಂಗಾದ ನಮ್ಮ ಉಡುಪಿ ಹೋಟೆಲುಗಳಲ್ಲಿ ಅಡುಗೆಮನೆಯ ಬಿಲ್ ಪ್ರಿಂಟರಿಗೆ ಪಾಯಿಂಟ್ ಕೊಡುವಾಗ ಡಬ್ಬಿಯನ್ನು ತವಾ, ಸ್ಟೀಮರಿನಿಂದ ದೂರ, ಮಳೆಗೆ ಒಸರುವ ಹೊರಗೋಡೆ ಬಿಟ್ಟು ಒಳಗೋಡೆಗೆ ಹಾಕಿ, ಜ್ಯಾಕಿನ ಬಾಯಿ ಕೆಳಮುಖವಾಗಿರಲಿ. ಸರಿಯಾಗಿ ಕಚ್ಚಿದ ತಂತಿಯ ಸಂದಿಗೆ ಗಾಳಿಯೂ ನುಗ್ಗಲ್ಲ. ಅರ್ಧ ಕೂತದ್ದೇ ಮಳೆಗಾಲದಲ್ಲಿ ಹಸಿರು ಹಿಡಿಯೋದು. ಡಬ್ಬಿಯೊಳಗೆ ಒಂದು ಗೇಣು ಕೇಬಲ್ ಹೆಚ್ಚುವರಿ ಬಿಡಿ. ಮತ್ತೆ ಒತ್ತಬೇಕಾದಾಗ ಹಳೆಯ ಚೂರನ್ನು ಕೊಕ್ಕೆಯಿಂದ ಎಳೆದು ತೆಗೆದು, ಕೇಬಲಿನ ತುದಿ ಕತ್ತರಿಸಿ ಹೊಸ ತಂತಿಯನ್ನೇ ಕೂರಿಸಿ. ಒಂದು ಸೀಳಿಗೆ ಎರಡು ತಂತಿ ತುರುಕಬೇಡಿ. ತಂತಿ ನೀಟಾಗಿ ತುಂಡಾಗದೆ ಬಾಲ ಬಿಡತೊಡಗಿದರೆ ಬ್ಲೇಡಿನ ಆಯುಸ್ಸು ಮುಗಿಯಿತು, ಬದಲಿಸಿ.